ಹೊರದೇಶದಿಂದ ನಗೆ ತಂದ ತಮ್ಮನಿಗೆ

ಪ್ರೀತಿಯ ತಮ್ಮ,

ನೀನು ಕಳಿಸಿದ, ಅಮೆರಿಕ ಪ್ರವಾಸದ ನಗೆಕಥೆಗಳ ನಲವತ್ತೆರಡು ಪುಟ ಕೈಸೇರಿ ಹತ್ತು ದಿನವಾಯಿತು. ಅಡಿಕೆ ತೋಟಕ್ಕೆ ಎರಡನೇ ಸಲ ಕೊಳೆರೋಗದ ಮದ್ದು ಬೋರ್ಡೋ ಹೊಡೆಸುವುದಿತ್ತು. ಮಳೆ ಬಿಟ್ಟ ದಿನವೇ ಮರ ಹತ್ತುವವರೂ ಸಿಗಬೇಕಲ್ಲ, ಹಾಗಾಗಿ ಉತ್ತರ ತಡವಾಯಿತು. ಪತ್ರದ ತುಂಬ ಮೇಡಂ ಎಂದು ಬರೆದಿದ್ದೀಯ. ನಿನ್ನ ತಾಯಿ ನನ್ನನ್ನು ಅಕ್ಕ ಎನ್ನುತ್ತಾಳೆ, ನಿನಗೆ ನಾನು ದೊಡ್ಡಮ್ಮನಾದರೆ ಸಾಕು.

ನಿನ್ನ ಕೊನೆಯ ಸಾಲುಗಳು ನನ್ನನ್ನು ಬಹಳ ಕಾಡಿದವು. ಊರಿನ ಕಥೆಗಳೆಲ್ಲ ಮುಗಿದವು, ಹೊರದೇಶ ತಿರುಗಿದರೆ ಹೊಸದು ಸಿಗುತ್ತದೆ ಎಂದು ನಂಬಿ ಹೋದೆ, ಹದಿನಾರು ದಿನ ಅಮೆರಿಕ ಸುತ್ತಿ ಬಂದೆ, ಆದರೂ ಶಿವಮೊಗ್ಗದಲ್ಲಿ ಮೂವತ್ತು ಜನರ ಮುಂದೆ ನಿಂತಾಗ ಒಬ್ಬರೂ ನಗಲಿಲ್ಲ, ಬಿಟ್ಟುಬಿಡಲೇ ಎಂದು ಕೇಳಿದ್ದೀಯ. ಬಿಡಬೇಡ. ಮೈಕ್ ಹೇಗೆ ಹಿಡಿಯಬೇಕು, ಎಷ್ಟು ನಿಮಿಷಕ್ಕೊಂದು ನಗು ಬರಬೇಕು, ವಿಡಿಯೊ ಎಷ್ಟುದ್ದ ಇರಬೇಕು ಎಂಬ ಪ್ರಶ್ನೆಗಳನ್ನು ನನ್ನ ಹತ್ತಿರ ತರಬೇಡ. ಸ್ಟ್ಯಾಂಡಪ್ ಕಾಮಿಡಿಯ ಆ ಸಂಗತಿಗಳು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ನನಗೆ ಹೇಳಲಿಕ್ಕಿರುವುದು ಒಂದೇ. ನೀನು ಸುಳ್ಳು ಬರೆದಿದ್ದೀಯ.

ಹದಿನೇಳನೇ ಪುಟ ತೆಗೆ. ಶಿಕಾಗೊ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ನಿನ್ನ ಚೀಲದಿಂದ ಕರಿಬೇವಿನ ಕಟ್ಟು ತೆಗೆದು ಕಸದ ಡಬ್ಬಿಗೆ ಹಾಕುತ್ತಾನೆ. ನೀನು ಅವನನ್ನು ಒಗ್ಗರಣೆಯ ಗಂಧವೇ ಇಲ್ಲದ ಪೆದ್ದನನ್ನಾಗಿ ಮಾಡಿದ್ದೀಯ. ಅವನು ಹಾಗೇಕೆ ಮಾಡಿದ ಎಂದು ಕೇಳಿದೆಯಾ? ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ ಗಿಡ. ಅದರ ಚಿಗುರಿನ ಮೇಲೆ ಬದುಕುವ ಒಂದು ಸಣ್ಣ ಕೀಟ ಕಿತ್ತಳೆ ಮರಗಳಿಗೆ ರೋಗ ಹರಡುತ್ತದೆ. ರೋಗ ತಗುಲಿದರೆ ಹಣ್ಣು ಬಣ್ಣ ತಿರುಗದೆ ಹಸಿರಾಗಿಯೇ ಉಳಿದು ಕಹಿಯಾಗುತ್ತದೆ. ಮರವನ್ನು ಗುಣಪಡಿಸುವ ಮದ್ದಿಲ್ಲ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಈ ರೋಗ ಅಲ್ಲಿನ ಕಿತ್ತಳೆ ಬೆಳೆಗಾರರ ಬದುಕನ್ನೇ ಅಲುಗಾಡಿಸಿತು. ನಿನ್ನ ಅಪ್ಪ ಆಷಾಢದ ಮಳೆಯಲ್ಲಿ ತಲೆಯೆತ್ತಿ ಅಡಿಕೆ ಗೊನೆ ನೋಡುವುದನ್ನು ನೀನು ಹುಟ್ಟಿದಾಗಿನಿಂದ ಕಂಡಿದ್ದೀಯ. ಕೊಳೆರೋಗ ಬಂತೇ ಎಂಬ ಆ ನೋಟವೇ ಆ ಅಧಿಕಾರಿಯ ಕಣ್ಣಲ್ಲಿಯೂ ಇತ್ತು. ಏಳು ಸಮುದ್ರ ದಾಟಿ ಹೋದ ಅಡಿಕೆ ಬೆಳೆಗಾರನ ಮಗ ತನ್ನ ಅಪ್ಪನ ಹೆದರಿಕೆಯನ್ನು ಸಮವಸ್ತ್ರದಲ್ಲಿ ಕಂಡ, ಆದರೂ ಗುರುತು ಹಿಡಿಯಲಿಲ್ಲ. ಇಂಥ ಕಥೆ ನಿನ್ನ ಚೀಲದಲ್ಲೇ ಇತ್ತು, ಮಾರಾಯ! ಅದನ್ನು ಬಿಟ್ಟು ಎಲ್ಲರೂ ಹೇಳುವ ಪೆದ್ದ ಬಿಳಿಯನ ಕಥೆ ಹೇಳಿದೆ. ಶಿವಮೊಗ್ಗದ ಜನ ಯಾಕೆ ನಗಬೇಕು?

ಈಗ ಮೂವತ್ತೊಂದನೇ ಪುಟ. ರಾತ್ರಿ ರೈಲು ನಿಲ್ದಾಣದಲ್ಲಿ ದಾರಿ ತಪ್ಪಿದ್ದೀಯ. ಟಿಕೆಟ್ ಯಂತ್ರ ನಿನ್ನ ಕಾರ್ಡನ್ನು ಮೂರು ಸಲ ಹೊರಗೆ ತಳ್ಳಿದೆ. ದಾರಿ ಗೊತ್ತಿಲ್ಲವೆಂದು ಯಾರಿಗೂ ತಿಳಿಯಬಾರದೆಂದು, ಯಾರೂ ಕರೆ ಮಾಡಿರದ ಮೊಬೈಲನ್ನು ಕಿವಿಗಿಟ್ಟುಕೊಂಡು ಹೂಂ, ಹೂಂ ಎನ್ನುತ್ತ ಆ ತುದಿಯಿಂದ ಈ ತುದಿಗೆ ನಡೆದಿದ್ದೀಯ. ನಾಲ್ಕೇ ಸಾಲು. ಅಂಚಿನಲ್ಲಿ ಪೆನ್ಸಿಲಿನಿಂದ, ಇದರಲ್ಲಿ ತಮಾಷೆಯಿಲ್ಲ, ತೆಗೆಯಬಹುದು ಎಂದು ಬರೆದುಕೊಂಡಿದ್ದೀಯ. ಜಗಲಿಯಲ್ಲಿ ಕೂತು ಓದುತ್ತಿದ್ದವಳು ಅಲ್ಲಿಗೆ ಬಂದಾಗ ಗಟ್ಟಿಯಾಗಿ ನಕ್ಕೆ, ಮರುಗಳಿಗೆಯಲ್ಲಿ ಕಣ್ಣಲ್ಲಿ ನೀರು ಬಂತು. ನಲವತ್ತೆರಡು ಪುಟಗಳಲ್ಲಿ ನೀನು ನಿಜವಾಗಿ ಪ್ರಯಾಣ ಮಾಡಿದ್ದು ಆ ನಾಲ್ಕು ಸಾಲುಗಳಲ್ಲಿ.

ಪ್ರವಾಸ ನಗೆಗಾರನಿಗೆ ಹೊಸ ಕಥೆ ಕೊಡುತ್ತದೆ ಎನ್ನುವುದು ಸರಿಯೇ. ಊರಿನಲ್ಲಿ ನೀನು ಎಲ್ಲ ಬಲ್ಲವನು. ಬಸ್ ಎಲ್ಲಿ ನಿಲ್ಲುತ್ತದೆ, ಯಾರ ಮನೆಯ ನಾಯಿ ಕಚ್ಚುತ್ತದೆ ಎಲ್ಲವೂ ಗೊತ್ತು. ಅಲ್ಲಿ ಇಳಿದ ಗಳಿಗೆಯಲ್ಲಿ ನಲ್ಲಿ ತಿರುಗಿಸುವುದಕ್ಕೂ ಇನ್ನೊಬ್ಬರ ಮುಖ ನೋಡಬೇಕು. ಎರಡು ವರ್ಷದ ಮಗುವಿನ ಕಣ್ಣು ಮತ್ತೆ ಬರುವ ಆ ಹೊತ್ತಿನಲ್ಲಿ ಕಂಡದ್ದೇ ಹೊಸ ಕಥೆ. ನಾಲ್ಕು ದಿನಕ್ಕೆ ರೂಢಿಯಾಗಿಬಿಡುತ್ತದೆ, ಆಮೇಲೆ ಕಾಣುವುದು ಎಲ್ಲರಿಗೂ ಕಾಣುವಂಥದ್ದೇ.

ಗೊರೂರು ರಾಮಸ್ವಾಮಿ ಅಯ್ಯಂಗಾರರು ಎಪ್ಪತ್ತು ದಾಟಿದ ಮೇಲೆ ಅಮೆರಿಕ ನೋಡಿದರು. ಅವರ 'ಅಮೆರಿಕದಲ್ಲಿ ಗೊರೂರು' ಪ್ರವಾಸ ಕಥನಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೇಮಾವತಿ ದಂಡೆಯ ಹಳ್ಳಿಗನಾಗಿಯೇ ಅವರು ಅಲ್ಲಿ ಓಡಾಡಿದರು, ಆ ಪುಸ್ತಕದ ಹೆಸರಿನಲ್ಲೇ ಅವರ ಊರಿದೆ. ನಿಮ್ಮ ಕಾಲದವರನ್ನೇ ನೋಡುವುದಾದರೆ, ಇಂದೋರಿನ ಸ್ಟ್ಯಾಂಡಪ್ ಕಲಾವಿದ ಜಾಕಿರ್ ಖಾನ್ 2025ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಂತು ಹಿಂದಿಯಲ್ಲೇ ಮಾತಾಡಿದರು.

ನಾನು ಚಿಕ್ಕವಳಿದ್ದಾಗ ಯಕ್ಷಗಾನ ಮೇಳ ನಮ್ಮೂರಿಗೆ ಬಂದರೆ ಉಳಿದ ವೇಷಧಾರಿಗಳು ಮಧ್ಯಾಹ್ನ ಬಣ್ಣ ಹಚ್ಚುವ ಚೌಕಿಯಲ್ಲಿ ಮಲಗಿರುತ್ತಿದ್ದರು. ಹಾಸ್ಯಗಾರರು ಮಾತ್ರ ಅಂಗಡಿಯ ಕಟ್ಟೆಯ ಮೇಲೆ ಕವಳ ಹಾಕಿಕೊಂಡು ಕೂತಿರುತ್ತಿದ್ದರು. ಒಂದು ಮಾತಾಡುತ್ತಿರಲಿಲ್ಲ, ಬರೀ ಕೇಳುವುದು. ರಾತ್ರಿ ದೂತನಾಗಿ ರಂಗಕ್ಕೆ ಬಂದಾಗ, ಬರುವ ದಾರಿಯಲ್ಲಿ ನಮ್ಮೂರಿನ ಹಳ್ಳದ ಮುರಿದ ಕಾಲುಸಂಕ ದಾಟುವಾಗ ಜಾರಿ ಬಿದ್ದು ಬಂದೆ ಎನ್ನುತ್ತಿದ್ದರು. ಇಡೀ ಊರು ಉರುಳಾಡಿ ನಗುತ್ತಿತ್ತು. ದೀಪಾವಳಿ ಕಳೆದ ಮೇಲೆ ಮಳೆಗಾಲದವರೆಗೆ ಅವರ ತಿರುಗಾಟ. ದಿನಕ್ಕೊಂದು ಊರು, ಎಲ್ಲ ಊರಿಗೂ ಅವರು ಹೊರಗಿನವರು. ಸಂಕ ಕಟ್ಟಿಸದವರನ್ನು ಅವರು ಬೈಯಲಿಲ್ಲ, ಅದನ್ನು ದಾಟುವ ನಮ್ಮನ್ನೂ ಹೀಯಾಳಿಸಲಿಲ್ಲ. ತಾವು ಜಾರಿದ್ದನ್ನು ಹೇಳಿದರು, ಅಷ್ಟೇ.

ಸ್ಕಾಟ್ಲೆಂಡಿನ ಎಡಿನ್‌ಬರೋ ಫ್ರಿಂಜ್ ಹಬ್ಬಕ್ಕೆ ಸಾಲ ಮಾಡಿಯಾದರೂ ಹೋಗಲೇ ಎಂದು ಕೇಳಿದ್ದೀಯ. 1947ರಲ್ಲಿ ಅಲ್ಲಿನ ದೊಡ್ಡ ಉತ್ಸವಕ್ಕೆ ಕರೆಯಿಲ್ಲದೆ ಬಂದ ಎಂಟು ತಂಡಗಳು ತಮ್ಮ ಪಾಡಿಗೆ ನಾಟಕ ಆಡಿದ್ದರಿಂದ ಅದು ಶುರುವಾಯಿತು. ಈಗ ಪ್ರತಿ ಆಗಸ್ಟ್‌ನಲ್ಲಿ ಹಾಸ್ಯ ಕಲಾವಿದರು ಒಂದೇ ಗಂಟೆಯ ಕಾರ್ಯಕ್ರಮವನ್ನು ಹೆಚ್ಚುಕಡಿಮೆ ತಿಂಗಳಿಡೀ ದಿನವೂ ಹೊಸ ಜನರ ಮುಂದೆ ಮಾಡುತ್ತಾರೆ. ಅದೂ ಒಂದು ತಿರುಗಾಟವೇ, ಅಲ್ಲಿ ಊರುಗಳೇ ನಿನ್ನ ಹತ್ತಿರ ಬರುತ್ತವೆ. ಸಾಲದ ಮಾತನ್ನು ಅಪ್ಪನ ಹತ್ತಿರ ಆಡು.

ನಿನ್ನನ್ನು ಸುಳ್ಳುಗಾರ ಎಂದ ಮೇಲೆ ನನ್ನದನ್ನೂ ಹೇಳಬೇಕು. 2009ರಲ್ಲಿ ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೊರಟಿದ್ದೆ. ಆಗ ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಇರಲಿಲ್ಲ, ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ವಿಮಾನ ಹತ್ತಿದೆ. ಪಕ್ಕದ ಸೀಟಿನಲ್ಲಿ ಹೊಸನಗರದ ಕಡೆಯ ಒಬ್ಬ ಹೆಂಗಸು. ಅವರೂ ಮಗಳ ಬಾಣಂತನಕ್ಕೇ ಹೊರಟಿದ್ದರು, ಮಡಿಲಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವಾಗ ಚಲಿಸುವ ಮೆಟ್ಟಿಲು ಎದುರಾಯಿತು. ಇಬ್ಬರೂ ಅದರ ಮುಂದೆ ಬಹಳ ಹೊತ್ತು ನಿಂತೆವು, ಕೊನೆಗೆ ಕೈಕೈ ಹಿಡಿದು ಕಾಲಿಟ್ಟೆವು.

ಊರಿಗೆ ಮರಳಿ ಅದನ್ನು ನಡೆದ ಹಾಗೆಯೇ ಬರೆದೆ. ಆಗ ನನ್ನ ನಗೆಬರಹಗಳನ್ನು ಹಾಕುತ್ತಿದ್ದ ವಾರಪತ್ರಿಕೆಯ ಸಂಪಾದಕರು ವಾಪಸು ಕಳಿಸಿದರು. ಓದುಗರಿಗೆ ನಿಮ್ಮ ಹೆದರಿಕೆ ಬೇಡ, ನಗು ಬೇಕು ಎಂದು ಚೀಟಿಯಲ್ಲಿ ಬರೆದಿದ್ದರು. ಆ ಚೀಟಿಯನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆದರೆ ಅವರ ಮಾತು ಕೇಳಿದವಳು ನಾನೇ. ಹೆದರಿಕೆಯನ್ನೆಲ್ಲ ಆ ಹೆಂಗಸಿಗೆ ಕೊಟ್ಟು ಧೈರ್ಯವನ್ನೆಲ್ಲ ನಾನಿಟ್ಟುಕೊಂಡು ಮತ್ತೆ ಬರೆದೆ. ಅವರ ಉಪ್ಪಿನಕಾಯಿ ಡಬ್ಬಿ, ಅವರ ಮಾತಿನ ಧಾಟಿ, ಮೆಟ್ಟಿಲಿನ ಮುಂದೆ ಅವರು ಸೆರಗು ಸಿಕ್ಕಿಸಿಕೊಂಡ ರೀತಿ, ಎಲ್ಲವನ್ನೂ ವೇದಿಕೆಯ ಮೇಲೆ ಆಡಿ ತೋರಿಸಿದೆ. ಆರು ವರ್ಷ ಹೋದಲ್ಲೆಲ್ಲ ಅದೇ ಕಥೆ, ಅದಕ್ಕೇ ಚಪ್ಪಾಳೆ.

ಸಾಗರದಲ್ಲಿ ಒಂದು ಗಣೇಶೋತ್ಸವದ ಹಾಸ್ಯ ಸಂಜೆ. ಮುಗಿಸಿ ಇಳಿದಾಗ ಮೂರನೇ ಸಾಲಿನಿಂದ ಅವರು ಎದ್ದು ಬಂದರು, ಜೊತೆಯಲ್ಲಿ ಮೊಮ್ಮಗಳಿದ್ದಳು. ಸಿಟ್ಟಿರಲಿಲ್ಲ. ನನ್ನ ಕೈ ಹಿಡಿದುಕೊಂಡು, "ಆವತ್ತು ನೀವು ಎಷ್ಟು ಬಿಗಿಯಾಗಿ ಹಿಡಿದಿದ್ದಿರಿ, ನೆನಪಿದೆಯಾ? ನನ್ನ ಎರಡು ಬಳೆ ಒಡೆದಿದ್ದವು" ಎಂದರು. ಹಸಿರು ಗಾಜಿನ ಬಳೆ. ನನಗೆ ಚೆನ್ನಾಗಿ ನೆನಪಿತ್ತು. ಒಡೆದ ಚೂರು ಮೆಟ್ಟಿಲಿನ ಹಲ್ಲುಗಳ ನಡುವೆ ಹೋಗುವುದನ್ನು ನೋಡಿದವಳು ನಾನು. ಆರು ವರ್ಷದಲ್ಲಿ ಒಂದು ಸಲವೂ ಆ ಬಳೆಗಳ ಮಾತು ಎತ್ತಿರಲಿಲ್ಲ. ಕ್ಷಮಿಸಿ ಎನ್ನಲು ಹೊರಟೆ, ಅಷ್ಟರಲ್ಲಿ ಫೋಟೊಗೆ ಕರೆದರು. ತಿರುಗಿ ನೋಡುವಾಗ ಅವರು ಹೋಗಿಬಿಟ್ಟಿದ್ದರು. ಅವರ ಊರು ಗೊತ್ತಿತ್ತು, ಹುಡುಕಿಕೊಂಡು ಹೋಗಲಿಲ್ಲ. ಆ ಕಥೆಯನ್ನು ಮತ್ತೆಂದೂ ಹೇಳಲಿಲ್ಲ.

ಮೂವತ್ತೊಂದನೇ ಪುಟದ ನಾಲ್ಕು ಸಾಲನ್ನು ನಲವತ್ತು ಮಾಡು. ಹದಿನೇಳನೆಯದನ್ನು ಹರಿದು ಹಾಕಿ ಹೊಸದಾಗಿ ಬರೆ, ನಡೆದದ್ದನ್ನೇ ಬರೆ. ಬರೆದು ಅಂಚೆಗೆ ಹಾಕಬೇಡ, ಕೊಯ್ಲಿನ ಹೊತ್ತಿಗೆ ನೀನೇ ಬಾ. ಅಡಿಕೆ ಸುಲಿಯುವ ರಾತ್ರಿ ನಮ್ಮ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಹದಿನೈದು ಜನರಾದರೂ ಕೂತಿರುತ್ತಾರೆ. ಶಿಕಾಗೊದ ಅಧಿಕಾರಿಯ ಕಥೆಯನ್ನು ಅವರಿಗೆ ಹೇಳು. ಕೊಳೆ ಎಂದರೇನು ಎಂದು ಅವರಿಗೆ ವಿವರಿಸಬೇಕಾಗಿಲ್ಲ.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ