ಟೈ ನಡೆದು ಬಂದ ದಾರಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಟೈ ಎಂಬುದು ಇಂಗ್ಲಿಷರು ನಮ್ಮ ಕೊರಳಿಗೆ ಬಿಗಿದು ಹೋದ ಕುಣಿಕೆಯೆಂದು ನೀನು ಬರೆದಿದ್ದೆ. ಬಿಗಿದವರು ಅವರೇ ಹೌದು. ಆದರೆ ಅದು ಹುಟ್ಟಿದ್ದು ಅವರಲ್ಲಿ ಅಲ್ಲ. ಹದಿನೇಳನೆಯ ಶತಮಾನದಲ್ಲಿ, ಯುರೋಪಿನಲ್ಲಿ ನಡೆದ ‘ಮೂವತ್ತು ವರ್ಷಗಳ ಯುದ್ಧ’ದ ಕಾಲಕ್ಕೆ, ಫ್ರಾನ್ಸಿನ ದೊರೆಯ ಪರವಾಗಿ ಸಂಬಳಕ್ಕೆ ಕಾದಾಡುತ್ತಿದ್ದ ಕ್ರೊಯೇಷಿಯಾದ ಸೈನಿಕರು ಕೊರಳಿಗೆ ಬಟ್ಟೆ ಸುತ್ತಿ ಮುಂದೆ ಗಂಟು ಹಾಕಿಕೊಳ್ಳುತ್ತಿದ್ದರು. ಪ್ಯಾರಿಸ್ಸಿನ ಶ್ರೀಮಂತರಿಗೆ ಅದು ಹಿಡಿಸಿತು; ಆ ಜನರ ಹೆಸರಿನಿಂದಲೇ ಬಟ್ಟೆಗೆ ‘ಕ್ರವಾಟ್’ ಎಂಬ ಹೆಸರೂ ಬಂತು. ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ ಅದೇ ಬಟ್ಟೆ ದುಬಾರಿ ಲೇಸಿನ ಅಲಂಕಾರವಾಯಿತು.

1692ರ ಸ್ಟೀನ್‌ಕರ್ಕ್ ಕದನದಲ್ಲಿ ಶತ್ರುಗಳು ಹಠಾತ್ತನೆ ಮೇಲೆ ಬಿದ್ದಾಗ, ಕ್ರವಾಟನ್ನು ಅಂದವಾಗಿ ಕಟ್ಟಿಕೊಳ್ಳಲು ಪುರುಸೊತ್ತಿಲ್ಲದ ಫ್ರೆಂಚ್ ಅಧಿಕಾರಿಗಳು ಅದನ್ನು ಹುರಿಮಾಡಿ ತುದಿಯನ್ನು ಕೋಟಿನ ಕಾಜಿನಲ್ಲಿ ಸಿಕ್ಕಿಸಿಕೊಂಡು ಓಡಿದರೆಂದು ಹೇಳುತ್ತಾರೆ. ಆ ಅವಸರವೇ ಮುಂದೆ ಶೋಕಿಯಾಯಿತು. ಹೆಂಗಸರೂ ಹಾಗೆಯೇ ಧರಿಸತೊಡಗಿದರು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಉಡುಪಿನ ಶೋಕಿಗೆ ಹೆಸರಾಗಿದ್ದ ಲಂಡನ್ನಿನ ಬ್ಯೂ ಬ್ರಮ್ಮೆಲ್‌ನದು ಈ ಅವಸರಕ್ಕೆ ತೀರ ವಿರುದ್ಧವಾದ ಸ್ವಭಾವ. ಗಂಜಿ ಹಾಕಿದ ಬಿಳಿ ಲಿನನ್ ಬಟ್ಟೆಯನ್ನು ಆತ ಕೊರಳಿಗೆ ಸುತ್ತಿ, ಗದ್ದವನ್ನು ಮೆಲ್ಲಗೆ ಕೆಳಗಿಳಿಸುತ್ತ ನೆರಿಗೆ ಕೂರಿಸುತ್ತಿದ್ದ. ಮೊದಲ ಸಲಕ್ಕೇ ಸರಿಹೋಗದಿದ್ದರೆ ಅದನ್ನು ಬದಿಗೆಸೆದು ಹೊಸದನ್ನು ಕೈಗೆತ್ತಿಕೊಳ್ಳುತ್ತಿದ್ದ. ಇಷ್ಟು ಅಚ್ಚುಕಟ್ಟಿನ ಮನುಷ್ಯನ ಲೆಕ್ಕಪತ್ರ ಮಾತ್ರ ಅಚ್ಚುಕಟ್ಟಾಗಿರಲಿಲ್ಲ: 1816ರಲ್ಲಿ ಸಾಲ ಕೊಟ್ಟವರ ಕಾಟ ತಾಳಲಾರದೆ ಫ್ರಾನ್ಸಿಗೆ ಓಡಿಹೋದ.

ಹತ್ತೊಂಬತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ಕಚೇರಿ ಕೆಲಸದವರಿಗೆ ಒಗ್ಗುವ ಉದ್ದ ಟೈ ಬಳಕೆಗೆ ಬಂದಿತ್ತು. ಆದರೆ ಬಟ್ಟೆಯನ್ನು ನೇರಕ್ಕೆ ಕತ್ತರಿಸುತ್ತಿದ್ದುದರಿಂದ ಅದು ಗಂಟು ಬಿಚ್ಚಿದ ಮೇಲೂ ಮುದುಡಿಯೇ ಇರುತ್ತಿತ್ತು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ನಿಜವಾದ ನಾಯಕ ರಾಜನೂ ಅಲ್ಲ, ಶೋಕಿಲಾಲನೂ ಅಲ್ಲ. 1920ರ ದಶಕದಲ್ಲಿ ಈ ತೊಂದರೆಯನ್ನು ನೀಗಿಸಿದ ನ್ಯೂಯಾರ್ಕಿನ ಟೈ ತಯಾರಕ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್. ಬಟ್ಟೆಯ ಹಾಸು-ಹೊಕ್ಕುಗಳಿಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದ ಮೂರು ತುಂಡುಗಳನ್ನು ಜೋಡಿಸಿ ಟೈ ಹೊಲಿಯುವ ಕ್ರಮಕ್ಕೆ ಆತ ಪೇಟೆಂಟ್ ಪಡೆದ. ರವಿಕೆಯ ಕತ್ತಿನ ಅಂಚಿಗೆ ನಮ್ಮ ದರ್ಜಿಗಳು ‘ಕ್ರಾಸ್ ಪೀಸ್’ ಇಡುವುದು ಇದೇ ಗುಣಕ್ಕಾಗಿ: ಓರೆಗೆ ಕತ್ತರಿಸಿದ ಬಟ್ಟೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ತನ್ನ ಆಕಾರಕ್ಕೆ ಮರಳುತ್ತದೆ.

ನೀನು ಮಗನಿಗೆಂದು ಕೊಂಡಿರುವ ಟೈಯ ಅಗಲ ತುದಿಯನ್ನು ಕೆಳಗೆ ಬಿಟ್ಟು ಕೈಮೇಲೆ ತೂಗುಹಾಕಿ ನೋಡು. ಅದು ತಾನಾಗಿ ತಿರುಚಿಕೊಂಡರೆ ಕತ್ತರಿಸಿದವನು ಬಟ್ಟೆ ಉಳಿಸಲು ಓರೆಯಲ್ಲಿ ಮೋಸ ಮಾಡಿರುವ ಸಂಭವ ಹೆಚ್ಚು. ಹಿಂಬದಿಯ ಮಡಿಕೆಯೊಳಗೆ ದಾರದ ಸಣ್ಣ ಕುಣಿಕೆಯೊಂದು ಕಂಡೀತು. ಹೊಲಿಗೆ ಬಿಚ್ಚಿದೆಯೆಂದು ತಿಳಿದು ಅದನ್ನು ಕತ್ತರಿಸಬೇಡ. ಉದ್ದಕ್ಕೂ ಓಡಿರುವ ಸಡಿಲ ಹೊಲಿಗೆಯ ಕೊನೆ ಅದು. ಗಂಟು ಬಿಗಿಯುವಾಗ ಆ ದಾರ ಒಳಗೇ ಸ್ವಲ್ಪ ಜಾರಿಕೊಡುವುದರಿಂದ ಹೊಲಿಗೆ ಹರಿಯುವುದಿಲ್ಲ.

ನಿನ್ನ ಗೆಳೆಯ