ಅಂಗಿ ಜೇಬಿನ ಕ್ಯಾಮೆರಾಗೂ ನೂರು ರೂಪಾಯಿ ಚೀಟಿ

ಸಂಪಾದಕರಿಗೆ ನಮಸ್ಕಾರ.

ಮೊಬೈಲ್ ಬಂದ ಮೇಲೆ ಸಣ್ಣ ಕ್ಯಾಮೆರಾಗಳಿಗೆ ಕೆಲಸ ಇಲ್ಲ ಅಂತ ಮೊನ್ನೆ ನಿಮ್ಮ ಪುರವಣಿಯಲ್ಲಿ ಒಂದು ಬರಹ ಬಂದಿತ್ತು. ಓದಿ ನಗು ಬಂತು. ಯಾಕಂದ್ರೆ ಅದನ್ನು ಓದುವಾಗ ನನ್ನ ಅಂಗಿ ಜೇಬಲ್ಲಿ ಅಂಥದ್ದೇ ಒಂದು ಕ್ಯಾಮೆರಾ ಇತ್ತು, ಕೊಂಡು ಹದಿನೆಂಟು ದಿನ ಆಗಿತ್ತು ಅಷ್ಟೆ. ಬರೆದವರ ಮೇಲೆ ಸಿಟ್ಟೇನಿಲ್ಲ. ಆದರೆ ಅವರು ಒಂದು ವಾರ ನನ್ನ ಅಂಗಡಿಯಲ್ಲಿ ಕೂತಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ನನ್ನದು ಶಿಡ್ಲಘಟ್ಟದಲ್ಲಿ ಜೆರಾಕ್ಸ್ ಅಂಗಡಿ. ಜೆರಾಕ್ಸ್, ಲ್ಯಾಮಿನೇಷನ್, ಪಹಣಿ ಪ್ರಿಂಟು, ಪಾಸ್‌ಪೋರ್ಟ್ ಸೈಜ್ ಫೋಟೊ. ಇದರ ಜೊತೆಗೆ ತಿಂಗಳಿಗೆ ನಾಲ್ಕೈದು ಬಾರಿ ಇನ್ನೊಂದು ಕೆಲಸ ಬರುತ್ತದೆ. ಮನೆಯಲ್ಲಿ ಹಿರಿಯರು ಯಾರೋ ಹೋಗಿರುತ್ತಾರೆ. ಹನ್ನೊಂದನೇ ದಿನಕ್ಕೆ ಹಾರ ಹಾಕಲು ಫೋಟೊ ಬೇಕು. ಮಗನೋ ಮೊಮ್ಮಗನೋ ಮೊಬೈಲ್ ಹಿಡಿದು ಬರುತ್ತಾನೆ. ಯಾರದೋ ಮದುವೆಯ ಗ್ರೂಪ್ ಫೋಟೊ, ಅದು ನಾಲ್ಕು ವಾಟ್ಸ್ಆಪ್ ಗುಂಪು ಸುತ್ತಿ ಬಂದಿರುತ್ತದೆ, ಅದರ ಮೂಲೆಯಲ್ಲಿ ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಾರೆ, ಮುಖ ಕಡಲೆಕಾಳಿನಷ್ಟು. 'ಅಣ್ಣ, ಇದನ್ನೇ ಹನ್ನೆರಡು ಇಂಚಿಗೆ ದೊಡ್ಡದು ಮಾಡಿಕೊಡಿ' ಅಂತಾನೆ. ಏನು ಮಾಡಲಿ? ಮಾಡಿಕೊಡುತ್ತೇನೆ. ದೊಡ್ಡದು ಮಾಡಿದರೆ ಕಣ್ಣಿರುವ ಜಾಗದಲ್ಲಿ ಎರಡು ಕಪ್ಪು ಚೌಕ. ವರ್ಷಗಟ್ಟಲೆ ಆ ಮನೆಯ ಗೋಡೆ ಮೇಲೆ ಆ ಚೌಕಗಳೇ ಇರುತ್ತವೆ.

ಹಾಗಂತ ಮೊಬೈಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಗಲು ಬೆಳಕಲ್ಲಿ ಹತ್ತಿರ ನಿಂತು ತೆಗೆದರೆ ಚೆನ್ನಾಗೇ ಬರುತ್ತದೆ. ವಾಟ್ಸ್ಆಪ್ ಕುಗ್ಗಿಸಿ ಕಳಿಸುವುದು ಮೊಬೈಲ್ ತಪ್ಪಲ್ಲ, ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದರೆ ಫೋಟೊ ಇದ್ದ ಹಾಗೇ ಹೋಗುತ್ತದೆ. ಇದನ್ನು ಅಂಗಡಿ ಗೋಡೆಗೆ ಬರೆದು ಅಂಟಿಸಿದ್ದೇನೆ, ಯಾರೂ ಓದಲ್ಲ.

ಕ್ಯಾಮೆರಾ ವಿಷಯಕ್ಕೆ ಬರುತ್ತೇನೆ. ನನ್ನ ಹತ್ತಿರ ಇದ್ದದ್ದು ಸೋನಿ ಆರ್‌ಎಕ್ಸ್ 100 ಸರಣಿಯ ಮೂರನೆಯದು, 2014ರಲ್ಲಿ ಬಂದದ್ದು. ಅದನ್ನು ಕೊಟ್ಟು, ಮೇಲೆ ದುಡ್ಡು ಹಾಕಿ, ಬೆಂಗಳೂರಿನ ಒಬ್ಬರಿಂದ ಅದೇ ಸರಣಿಯ ಏಳನೆಯದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದೆ. ಅದು 2019ರದ್ದು. ಎಷ್ಟು ಕೊಟ್ಟೆ ಅಂತ ಇಲ್ಲಿ ಬರೆಯಲ್ಲ, ಮನೆಯವರೂ ನಿಮ್ಮ ಪತ್ರಿಕೆ ಓದುತ್ತಾರೆ.

ಮೊದಲು ಒಂದು ತಮಾಷೆ. ಎರಡರಲ್ಲೂ ಇರುವುದು 20.1 ಮೆಗಾಪಿಕ್ಸೆಲ್, ಅಂದರೆ ಒಂದು ಚಿತ್ರಕ್ಕೆ ಸುಮಾರು ಎರಡು ಕೋಟಿ ಚುಕ್ಕೆ. ಐದು ವರ್ಷದಲ್ಲಿ ಒಂದೇ ಒಂದು ಪಿಕ್ಸೆಲ್ ಜಾಸ್ತಿ ಆಗಿಲ್ಲ! ಅಂಗಡಿಗೆ ಬರುವ ಹುಡುಗರಿಗೆ ಇದು ಅರ್ಥವೇ ಆಗಲ್ಲ, ಅವರ ಮೊಬೈಲ್‌ನಲ್ಲಿ 108 ಇದೆ, 200 ಇದೆ. ನಾನು ಪ್ರಿಂಟ್ ಹಾಕುವವನು, ಲೆಕ್ಕ ಹೇಳುತ್ತೇನೆ. ನಾಲ್ಕು ಇಂಚು ಆರು ಇಂಚಿನ ಫೋಟೊಗೆ ಎರಡು ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ಇಪ್ಪತ್ತು ಇದ್ದರೆ ಹನ್ನೆರಡು ಹದಿನೆಂಟು ಇಂಚಿಗೆ ಚೊಕ್ಕವಾಗಿ ಬರುತ್ತದೆ. ಅದಕ್ಕಿಂತ ದೊಡ್ಡದು ಬೇಕಾದವರು ಫ್ಲೆಕ್ಸ್ ಹಾಕಿಸುವವರು, ಅವರಿಗೆ ದೂರದಿಂದ ಕಂಡರೆ ಆಯ್ತು.

ಒಳಗೆ ಬೆಳಕು ಹಿಡಿದು ಚಿತ್ರ ಮಾಡುವ ಸೆನ್ಸರ್‌ಗೆ 'ಒಂದು ಇಂಚಿನದ್ದು' ಅಂತ ಹೆಸರು. ಸ್ಕೇಲ್ ಹಿಡಿದರೆ 13.2 ಮಿಲಿಮೀಟರ್ ಅಗಲ, 8.8 ಮಿಲಿಮೀಟರ್ ಎತ್ತರ. ಎಲ್ಲಿದೆ ಇಂಚು? ಹಳೇ ಕಾಲದ ವಿಡಿಯೊ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರ ಅಳತೆಯಿಂದ ಬಂದ ಹೆಸರಂತೆ, ಹಾಗೇ ಉಳಿದುಬಿಟ್ಟಿದೆ. ನಮ್ಮ ಕಡೆ ಕೆರೆ ಮುಚ್ಚಿ ಬಸ್ ಸ್ಟ್ಯಾಂಡ್ ಕಟ್ಟಿದ ಮೇಲೂ ಜನ ಆ ಜಾಗಕ್ಕೆ ಕೆರೆ ಅಂತಲೇ ಅನ್ನಲ್ವಾ, ಹಾಗೆ. ಇರಲಿ, ಇಂಚು ಇಲ್ಲದಿದ್ದರೂ ಸಾಮಾನ್ಯ ಮೊಬೈಲ್‌ನ ಸೆನ್ಸರ್‌ಗಿಂತ ಇದು ಸಾಕಷ್ಟು ದೊಡ್ಡದೇ. ಈಗ ಕೆಲವು ದುಬಾರಿ ಮೊಬೈಲ್‌ಗಳಲ್ಲೂ ಈ ಅಳತೆಯದ್ದು ಬರುತ್ತಿದೆ, ಆದರೆ ಈ ಲೆನ್ಸ್ ಅವುಗಳಲ್ಲಿ ಇಲ್ಲ.

ಲೆನ್ಸೇ ಇಲ್ಲಿ ಮುಖ್ಯ. ಹಳೆಯದು 24ರಿಂದ 70 ಮಿಲಿಮೀಟರ್, ಅಂದರೆ ಮೂರು ಪಟ್ಟು ಜೂಮ್. ಹೊಸದು 24ರಿಂದ 200, ಎಂಟು ಪಟ್ಟು. ಸಂಖ್ಯೆ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ. ಮುಚ್ಚಿದಾಗ ಎರಡರ ದಪ್ಪದಲ್ಲೂ ಅಂಥ ವ್ಯತ್ಯಾಸ ಇಲ್ಲ, ಹೊಸದರ ತೂಕ 302 ಗ್ರಾಂ. ಜೇಬು ಸ್ವಲ್ಪ ಜೋತು ಬೀಳುತ್ತದೆ, ಬಗ್ಗಿದಾಗ ಕೈ ಅಡ್ಡ ಇಟ್ಟುಕೊಳ್ಳಬೇಕು. ಮೈ ನುಣುಪು, ಬೆವರಿದ ಕೈಗೆ ಜಾರುತ್ತದೆ. ಹಳೆಯದಕ್ಕೆ ಸೈಕಲ್ ಟ್ಯೂಬಿನ ಒಂದು ತುಂಡು ಅಂಟಿಸಿದ್ದೆ, ಇದಕ್ಕೂ ಅದೇ ಗತಿ.

ಈಗ ಗೂಡಿನ ಕಥೆ. ನಮ್ಮ ತಮ್ಮನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹೋದ ವಾರ ಹುಳು ಹಣ್ಣಾಗಿದ್ದವು. ಅಂದರೆ ಸೊಪ್ಪು ಬಿಟ್ಟು, ಮೈಯೆಲ್ಲ ಬೆಳಕು ತೂರುವ ಹಾಗೆ ತಿಳಿಯಾಗಿ, ತಲೆ ಎತ್ತಿ ಆಡಿಸುತ್ತಾ ಇರುತ್ತವೆ. ಆಗ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಇಡುವ ಬಿದಿರಿನ ತಟ್ಟಿಗೆ ಬಿಡಬೇಕು. ಮನೆಮಂದಿಗೆಲ್ಲ ಕೈತುಂಬ ಕೆಲಸ, ನಾನೊಬ್ಬ ಕ್ಯಾಮೆರಾ ಹಿಡಿದು ಅಡ್ಡಾಡುತ್ತಿದ್ದೆ. ಮೊಬೈಲ್ ಆಗಿದ್ದರೆ ಹುಳುವಿನ ಮೂತಿಗೆ ತಗಲುವಷ್ಟು ಹತ್ತಿರ ಹೋಗಬೇಕಿತ್ತು, ನನ್ನ ನೆರಳೇ ಅದರ ಮೇಲೆ ಬೀಳುತ್ತಿತ್ತು. ಇದರಲ್ಲಿ ಒಂದು ಮೀಟರ್ ದೂರ ನಿಂತು, 200ಕ್ಕೆ ಎಳೆದು ತೆಗೆದೆ. ಹುಳು ಮೊದಲ ಎಳೆಯನ್ನು ಬಿದಿರಿನ ದಬ್ಬೆಗೆ ಅಂಟಿಸಿ ತಲೆಯನ್ನು ಎಂಟರ ಆಕಾರದಲ್ಲಿ ತಿರುಗಿಸುತ್ತಿದೆ, ಎಳೆ ಇನ್ನೂ ಒದ್ದೆ, ಕಿಟಕಿಯ ಬೆಳಕಿಗೆ ಒಂದೇ ಒಂದು ಗೆರೆ ಮಿಂಚುತ್ತಿದೆ. ಹುಟ್ಟಿದಾಗಿನಿಂದ ರೇಷ್ಮೆ ನೋಡಿದವನು ನಾನು. ಆ ಒದ್ದೆ ಎಳೆಯನ್ನು ಅವತ್ತೇ ಮೊದಲು ನೋಡಿದ್ದು, ಅದೂ ಕ್ಯಾಮೆರಾದ ಮೂರು ಇಂಚಿನ ಪರದೆಯಲ್ಲಿ. ನಾದಿನಿ ಬಂದು ನೋಡಿ, 'ಫೋಟೊ ಆಯ್ತಲ್ಲ ಭಾವ, ಈ ತಟ್ಟೆ ಹಿಡ್ಕೊಳಿ' ಅಂದಳು. ಹಿಡಿದುಕೊಂಡೆ.

ಆರೇಳು ದಿನ ಬಿಟ್ಟು ಗೂಡು ಬಿಡಿಸಿದರು. ಬೈವೋಲ್ಟೀನ್ ಅನ್ನುವ ಬಿಳಿ ತಳಿಯ ಗೂಡು, ಹಾಲಿನ ಬಿಳುಪು. ರಾಶಿ ಹಾಕಿದ್ದನ್ನು ತೆಗೆದರೆ ಫೋಟೊದಲ್ಲಿ ಬೂದಿ ಬಣ್ಣ! ಹೊಸ ಕ್ಯಾಮೆರಾ ಕೈಕೊಟ್ಟಿತು ಅಂತ ಒಂದು ಕ್ಷಣ ಎದೆ ಧಸಕ್ಕೆಂದಿತು. ಆಮೇಲೆ ನೆನಪಾಯಿತು, ಹಳೆಯದೂ ಹೀಗೇ ಮಾಡುತ್ತಿತ್ತು. ಕ್ಯಾಮೆರಾಗೆ ತಾನು ನೋಡುತ್ತಿರುವುದು ಗೂಡೋ ಕಲ್ಲೋ ಗೊತ್ತಿರಲ್ಲ. ಎಲ್ಲವನ್ನೂ ಒಂದು ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಬರೀ ಬಿಳಿಯೇ ತುಂಬಿದ್ದರೆ ಬೆಳಕು ಜಾಸ್ತಿ ಆಯ್ತು ಅಂದುಕೊಂಡು ತಗ್ಗಿಸಿಬಿಡುತ್ತದೆ. ಹಿಂಬದಿಯ ಚಕ್ರದ ಕೆಳಗಡೆ ಒತ್ತಿ ಬೆಳಕನ್ನು ಪ್ಲಸ್ ಒಂದಕ್ಕೆ ಏರಿಸಿದೆ, ಗೂಡು ಬೆಳ್ಳಗಾಯಿತು.

ಭಾನುವಾರ ನಂದಿಗೆ ಹೋದಾಗ ಇದೇ ಆಟ ತಿರುಗಾಮುರುಗಾ ಆಯಿತು. ಬೆಟ್ಟದ ಮೇಲಕ್ಕಲ್ಲ, ಎಲ್ಲರೂ ಮೇಲೆ ಮಂಜು ನೋಡಲು ಓಡುತ್ತಾರೆ, ನಾನು ಹೇಳುತ್ತಿರುವುದು ಕೆಳಗೆ ಊರಲ್ಲಿರುವ ಭೋಗನಂದೀಶ್ವರ ದೇವಸ್ಥಾನ. ಅಲ್ಲಿ ಎರಡು ಗುಡಿಗಳ ನಡುವೆ ಕಲ್ಯಾಣ ಮಂಟಪ ಇದೆ, ಕರಿ ಕಲ್ಲಿನ ಕಂಬ, ಮೈತುಂಬ ಬಳ್ಳಿ, ಗಿಳಿ. ಆ ಕಪ್ಪು ಕಂಬವನ್ನು ಕ್ಯಾಮೆರಾ ಸಿಮೆಂಟಿನ ಬಣ್ಣ ಮಾಡಿ ತೋರಿಸಿತು. ಈ ಸಲ ಮೈನಸ್ ಒಂದು. ಕಪ್ಪು ಕಪ್ಪಾಗಿ ಬಂತು, ಗಿಳಿಯ ಕೊಕ್ಕಿನ ಮೇಲೆ ಎಣ್ಣೆ ಜಿಡ್ಡೂ ಕಂಡಿತು. ಮೊಬೈಲ್‌ನಲ್ಲೂ ಬೆಳಕು ಏರಿಸಿ ಇಳಿಸಬಹುದು, ಇಲ್ಲ ಅನ್ನಲ್ಲ. ಆದರೆ ಅದು ಕತ್ತಲೆಯನ್ನು ತಾನಾಗೇ ಎತ್ತಿ, ಕಲ್ಲನ್ನೂ ಮುಖವನ್ನೂ ಒಂದೇ ಸಮ ತಿಕ್ಕಿ ನುಣ್ಣಗೆ ಮಾಡಿಕೊಡುತ್ತದೆ. ಬ್ಯೂಟಿ ಪಾರ್ಲರಿಗೆ ಹೋಗಿ ಬಂದ ಕಂಬ ನನಗೆ ಬೇಡ.

ಇನ್ನೊಂದು ಮಜಾ ಅಂದರೆ ಇದಕ್ಕೆ ಸದ್ದೇ ಇಲ್ಲದೆ ಫೋಟೊ ತೆಗೆಯುವ ಶಟರ್ ಇದೆ. ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್‌ನಲ್ಲಿ ಬೆಳಗಿನ ಜಾವ ಹಾಗೇ ಒಂದಷ್ಟು ತೆಗೆದೆ. ಮನೆಗೆ ಬಂದು ನೋಡಿದರೆ ಚೆಂಡುಹೂವಿನ ರಾಶಿ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ, ಹುಲಿ ವೇಷ ಹಾಕಿದ ಹಾಗೆ. ಎಲ್‌ಇಡಿ ದೀಪ ಕಣ್ಣಿಗೆ ಕಾಣದಷ್ಟು ಬೇಗ ಮಿಣುಕುತ್ತಿರುತ್ತದೆ, ಸದ್ದಿಲ್ಲದ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದಿಕೊಳ್ಳುತ್ತದೆ, ಮಿಣುಕಿದಾಗ ಓದಿದ ಸಾಲು ಕಪ್ಪು. ದೀಪದ ಕೆಳಗೆ ಮಾಮೂಲಿ ಶಟರ್‌ಗೆ ಬದಲಾಯಿಸಿಕೊಳ್ಳಬೇಕು ಅಂತ ಒಂದು ಬೆಳಗು ಹಾಳು ಮಾಡಿಕೊಂಡು ಕಲಿತೆ. ಅಲ್ಲೇ ಒಬ್ಬರು ಹೂವಮ್ಮ ಮಾತ್ರ ಚೆನ್ನಾಗಿ ಸಿಕ್ಕರು, ಬೀದಿಯ ಕಡೆ, ಬೆಳಗಾಗುತ್ತಿದ್ದ ಆಕಾಶದ ಬೆಳಕಲ್ಲಿ. ಮುಡಿದ ಮಲ್ಲಿಗೆಯ ಒಂದೊಂದು ಮೊಗ್ಗೂ ಬಿಡಿಯಾಗಿ ಬಂದಿದೆ. ಮೊಬೈಲ್‌ನ ಪೋರ್ಟ್ರೇಟ್ ಮೋಡ್ ಹಿಂದುಗಡೆಯನ್ನು ಮಬ್ಬು ಮಾಡುವಾಗ ಅರ್ಧ ಹೂವನ್ನೂ ನಾಲ್ಕು ಕೂದಲನ್ನೂ ಸೇರಿಸಿ ಒರೆಸಿಬಿಡುತ್ತದೆ, ನೋಡಿದ್ದೀರಲ್ವಾ?

ಕಳೆದುಕೊಂಡದ್ದೂ ಇದೆ, ಅದನ್ನೂ ಹೇಳಬೇಕು. ಹಳೇ ಲೆನ್ಸ್ ಜೂಮ್ ಮಾಡದಿದ್ದಾಗ ಎಫ್ 1.8ಕ್ಕೆ ತೆರೆಯುತ್ತಿತ್ತು, ಇದು ಎಫ್ 2.8. ಈ ಸಂಖ್ಯೆ ಚಿಕ್ಕದಾದಷ್ಟು ಲೆನ್ಸಿನ ಬಾಯಿ ದೊಡ್ಡದು. ಲೆಕ್ಕ ಹಾಕಿದರೆ ಹಳೆಯದರೊಳಗೆ ಎರಡೂವರೆ ಪಟ್ಟಿನ ಹತ್ತಿರ ಬೆಳಕು ಜಾಸ್ತಿ ಬರುತ್ತಿತ್ತು. ಸಂಜೆ ಅಂಗಡಿ ಬಾಗಿಲು ಹಾಕಿ ಬೀದಿ ದೀಪದಲ್ಲಿ ತೆಗೆಯುವವನಿಗೆ ಇದು ದೊಡ್ಡ ನಷ್ಟ. ಹಳೆಯದರಲ್ಲಿ ಎನ್‌ಡಿ ಫಿಲ್ಟರ್ ಒಳಗೇ ಇತ್ತು, ಬಿಸಿಲಿಗೆ ಕನ್ನಡಕ ಇದ್ದ ಹಾಗೆ, ಕೆರೆ ಕೋಡಿ ಹರಿದಾಗ ನೀರನ್ನು ಹಾಲಿನ ಥರ ತೆಗೆಯುತ್ತಿದ್ದೆ. ಇದರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಪರದೆ ನೋಡಿಕೊಂಡು ತೆಗೆದರೆ ಒಂದು ಬ್ಯಾಟರಿಗೆ 260 ಫೋಟೊ ಅಂತ ಕಂಪನಿ ಲೆಕ್ಕ, ಎರಡನೇ ಬ್ಯಾಟರಿ ಇಲ್ಲದೆ ಊರು ಬಿಡುವ ಹಾಗಿಲ್ಲ. ಚಾರ್ಜ್ ಮಾಡಲು ಆ ಹಳೇ ಮೈಕ್ರೊ ಯುಎಸ್‌ಬಿ ವೈರೇ ಬೇಕು. ಆದರೆ ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ, ಸುಖ. ಹಳೆಯದರಲ್ಲಿ ಮೇಲೆತ್ತಿ ಮತ್ತೆ ಕೈಯಿಂದ ಹಿಂದಕ್ಕೆ ಎಳೆಯಬೇಕಿತ್ತು, ಇದು ಗುಂಡಿ ಒತ್ತಿದರೆ ಟಪ್ ಅಂತ ಪೂರ್ತಿ ಎದ್ದು ನಿಲ್ಲುತ್ತದೆ. ಫೋಕಸ್ಸೂ ಹಾಗೇ, ಓಡಾಡುವ ಮಕ್ಕಳ ಕಣ್ಣನ್ನು ಹಿಡಿದರೆ ಬಿಡಲ್ಲ. ಸೆಕೆಂಡಿಗೆ ಇಪ್ಪತ್ತು ಫೋಟೊ ಬೇರೆ. ತಮ್ಮನ ಮಗ ಲಗೋರಿ ಆಡಿದ ಹತ್ತು ನಿಮಿಷಕ್ಕೆ ನನ್ನ ಕಾರ್ಡಿನಲ್ಲಿ ಏಳುನೂರು ಫೋಟೊ ಇದ್ದವು, ಅಳಿಸಲು ಒಂದು ಮಧ್ಯಾಹ್ನ ಹಿಡಿಯಿತು.

ಹುಳು ಮನೆಗಳಲ್ಲಿ ಇಂಥ ಕ್ಯಾಮೆರಾ ಬಳಸುವವರು ಯಾರಾದರೂ ಇದ್ದರೆ ಒಂದು ಮಾತು. ಗೂಡಿನ ನಾರು, ಸುಣ್ಣದ ಪುಡಿ ಗಾಳಿಯಲ್ಲಿ ಹಾರುತ್ತಿರುತ್ತದೆ, ಲೆನ್ಸ್ ಹೊರಗೆ ಒಳಗೆ ಹೋಗುವಾಗ ಧೂಳನ್ನೂ ಎಳೆದುಕೊಳ್ಳುತ್ತದೆ. ಈ ಕ್ಯಾಮೆರಾಗಳ ಲೆನ್ಸ್ ಬಿಚ್ಚಲು ಬರಲ್ಲ, ಧೂಳು ಸೆನ್ಸರ್ ಮೇಲೆ ಕೂತರೆ ಮನೆಯಲ್ಲಿ ಒರೆಸುವ ಮಾತೇ ಇಲ್ಲ. ಕೆಲಸ ಆದ ತಕ್ಷಣ ಮುಚ್ಚಿ ಕವರಿಗೆ ಹಾಕಿ.

ಕೊನೆಗೆ, ಈ ಪತ್ರ ಬರೆಯಲು ಕೂತ ನಿಜವಾದ ಕಾರಣ. ಹೋದ ತಿಂಗಳ ಕೊನೆಯಲ್ಲಿ ನಮ್ಮ ಜಿಲ್ಲೆಯ ಒಂದು ಪ್ರವಾಸಿ ತಾಣಕ್ಕೆ ಹೋಗಿದ್ದೆವು, ಹೆಸರು ಬೇಡ. ಟಿಕೆಟ್ ತಗೊಂಡು ಒಳಗೆ ಹೋಗುವಾಗ ಕಾವಲಿನವರು ನನ್ನ ಜೇಬು ನೋಡಿದರು. 'ಏನ್ ಸಾರ್ ಅದು?' ಕ್ಯಾಮೆರಾ ಅಂದೆ. 'ಕ್ಯಾಮೆರಾಗೆ ನೂರು ರೂಪಾಯಿ ಚೀಟಿ ತಗೊಬೇಕು.' ನನ್ನ ಮುಂದೆಯೇ ಒಬ್ಬ ಹುಡುಗ ಅಲುಗಾಡದ ಹಾಗೆ ಹಿಡಿಯುವ ಕೋಲಿಗೆ ಮೊಬೈಲ್ ಸಿಕ್ಕಿಸಿಕೊಂಡು, ಕಾಲರಿಗೆ ಮೈಕ್ ಹಾಕಿಕೊಂಡು, ವಿಡಿಯೊ ಮಾಡುತ್ತಲೇ ಒಳಗೆ ಹೋದ. ಅವನಿಗೆ ಏನೂ ಇಲ್ಲ. ಯಾಕೆ ಅಂತ ಕೇಳಿದೆ. 'ಅದು ಫೋನ್ ಸಾರ್.' ನನ್ನ ಕ್ಯಾಮೆರಾ ಫೋನಿಗಿಂತ ಚಿಕ್ಕದು, ನನ್ನ ಫೋನನ್ನೇ ಪಕ್ಕದಲ್ಲಿ ಇಟ್ಟು ತೋರಿಸಿದೆ. 'ಫೋನ್ ಮಾಡಕ್ಕೆ ಬರುತ್ತಾ ಅದರಲ್ಲಿ?' ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನೂರು ಕೊಟ್ಟೆ.

ಆ ಮನುಷ್ಯನದೇನೂ ತಪ್ಪಿಲ್ಲ, ಬೋರ್ಡಿನಲ್ಲಿ ಹಾಗೇ ಬರೆದಿದೆ. ಬೋರ್ಡ್ ಬರೆದ ಕಾಲದಲ್ಲಿ ಕ್ಯಾಮೆರಾ ಇದ್ದವನು ಅಂದರೆ ಮದುವೆ ಪಾರ್ಟಿಯನ್ನು ಕರೆತಂದು ದುಡಿಯುವವನು ಅಂತ ಇದ್ದಿರಬೇಕು. ಈಗ ಅಲ್ಲಿ ದುಡಿಯುವವರು ಫೋನಿನಲ್ಲೇ ದುಡಿಯುತ್ತಾರೆ. ಶುಲ್ಕ ಹಾಕುವುದಿದ್ದರೆ ಮದುವೆಗೆ ಮುಂಚಿನ ಶೂಟಿಂಗಿಗೆ ಹಾಕಲಿ, ಲೈಟು ಸ್ಟ್ಯಾಂಡು ತಂದವರಿಗೆ ಹಾಕಲಿ, ಡ್ರೋನ್‌ಗೆ ಹಾಕಲಿ. ಮಗಳ ಫೋಟೊ ತೆಗೆಯಲು ಜೇಬಲ್ಲಿ ಒಂದು ಪುಟ್ಟ ಡಬ್ಬಿ ಇಟ್ಟುಕೊಂಡವನಿಗೆ ಬೇಡ. ಸಂಬಂಧಪಟ್ಟವರು ಆ ಬೋರ್ಡನ್ನು ಒಂದು ಸಲ ಓದಿಕೊಂಡರೆ ಸಾಕು.

ಈ ಪತ್ರದ ಜೊತೆ ಗೂಡಿನ ರಾಶಿಯ ಫೋಟೊ ಕಳಿಸಿದ್ದೇನೆ, ವಾಟ್ಸ್ಆಪ್‌ನಲ್ಲಲ್ಲ, ಇಮೇಲ್‌ನಲ್ಲಿ. ಜಾಗ ಇದ್ದರೆ ಹಾಕಿ. ಬೆಳಕು ಜಾಸ್ತಿ ಆಗಿದೆ ಅಂತ ನಿಮ್ಮ ಪುಟ ಕಟ್ಟುವವರು ಮಾತ್ರ ತಗ್ಗಿಸದಿರಲಿ. ಗೂಡು ಇರುವುದೇ ಅಷ್ಟು ಬೆಳ್ಳಗೆ.

ಇತಿ,
ಜೆರಾಕ್ಸ್ ಅಂಗಡಿಯವನು, ಶಿಡ್ಲಘಟ್ಟ