ಮೊದಲು ಆ ಗೊಂಬೆಯನ್ನು ಗಾಡಿಗೆ ಕೂರಿಸು

ಪ್ರೀತಿಯ ಗೆಳೆಯ,

ಬರ್ಮಾದ ಎತ್ತಿನಗಾಡಿಗಳ ಮೇಲೆ ಕೆತ್ತಿಡುವ ಮರದ ಕಾವಲು ಗೊಂಬೆಗಳ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ವಿಷಯ ನನಗೆ ತುಂಬಾ ಹಿಡಿಸಿತು. ಆದರೆ ಮೊದಲ ಪುಟದಲ್ಲೇ ನಿಗೂಢ, ಅದ್ಭುತ, ಕಾಲಾತೀತ ಅಂತೆಲ್ಲ ಬಂದು ಗೊಂಬೆ ಮರೆಯಾಗಿಬಿಟ್ಟಿದೆ.

ನೀನು ನೋಡಿದ್ದು ಯಾವುದೋ ಅಂಗಡಿಯ ಫೋಟೊ ಅಲ್ವಾ? ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದೆ ಬಿಳಿ ಬಟ್ಟೆ ಕಟ್ಟಿ ತೆಗೆದದ್ದು. ಗಾಡಿಯಿಂದ ಕೆತ್ತನೆಯ ತುಂಡನ್ನಷ್ಟೇ ಕಳಚಿ ಹಳೇ ಸಾಮಾನಿನ ವ್ಯಾಪಾರಕ್ಕೆ ಇಡುತ್ತಾರೆ, ಹಾಗಾಗಿ ನಮ್ಮಂಥ ದೂರದವರಿಗೆ ಅದು ಒಂಟಿ ಶಿಲ್ಪದ ಹಾಗೆ ಕಾಣುತ್ತದೆ. ಬರೆಯುವವನು ಅದನ್ನು ವಾಪಸ್ ಗಾಡಿಗೆ ಕೂರಿಸಬೇಕು. ನಾನು ಹೇಳಬೇಕಾದದ್ದು ಇಷ್ಟೇ.

ಎಲ್ಲಿ ಕೂರಿಸುತ್ತೀಯ? ಗಾಡಿಯ ಪಕ್ಕದ ಮರ ಹಿಂದಕ್ಕೆ ಚಾಚಿ ಮುಗಿಯುತ್ತದಲ್ಲ, ಆ ತುದಿಯಲ್ಲಿ. ಗಾಡಿ ಹೊಡೆಯುವವನ ಕಣ್ಣು ಎತ್ತಿನ ಮೇಲೆ, ದಾರಿಯ ಮೇಲೆ. ಅವನ ಬೆನ್ನ ಹಿಂದೆ ಎಳ್ಳು ಇದೆ, ಕಡಲೆಕಾಯಿ ಇದೆ, ಕೆಲವೊಮ್ಮೆ ಇಡೀ ಸಂಸಾರವೇ ಇದೆ. ಕಾವಲು ಬೇಕಾದದ್ದು ಅಲ್ಲಿಗೇ ಅಂತ ನನಗನ್ನಿಸುತ್ತದೆ. ಇನ್ನು ಸದ್ದು. ಮರದ ಅಚ್ಚಿನ ಹಳೇ ಗಾಡಿಗಳು ಕಿರುಗುಟ್ಟಿದರೆ ಎಷ್ಟೋ ದೂರಕ್ಕೆ ಕೇಳುತ್ತಿತ್ತು. ನಿನ್ನ ಲೇಖನದಲ್ಲಿ ಒಂದು ಸಣ್ಣ ಸದ್ದೂ ಇಲ್ಲ.

ಕಾಯುವವರು ಯಾರು ಅನ್ನುವುದನ್ನು ನೀನು ಎರಡು ಸಾಲಿನಲ್ಲಿ ಮುಗಿಸಿದ್ದೀಯ. ಜಾಸ್ತಿ ನಿಲ್ಲಬೇಕಾದ ಜಾಗ ಅದೇ. ಬರ್ಮಾದವರು ನಾಟ್ ಅಂತ ಪೂಜಿಸುವ ಶಕ್ತಿಗಳಲ್ಲಿ ಎಷ್ಟೋ ಮಂದಿ ಅನ್ಯಾಯವಾಗಿ ಸತ್ತವರು. ಮಿನ್ ಮಹಾಗಿರಿಯ ಕತೆ ನೋಡು. ಅವನು ತಗೌಂಗ್ ಊರಿನ ಕಮ್ಮಾರ. ಅವನ ಬಲಕ್ಕೆ ಹೆದರಿದ ರಾಜ ಅವನ ತಂಗಿಯನ್ನೇ ಮದುವೆಯಾದ. ನಂಬಿಸಿ ಕರೆಸಿ, ಸಂಪಿಗೆ ಮರಕ್ಕೆ ಕಟ್ಟಿ ಸುಟ್ಟ. ತಂಗಿಯೂ ಅದೇ ಬೆಂಕಿಗೆ ಹಾರಿದಳು. ಆ ಮರ ಇರಾವದಿ ನದಿಯಲ್ಲಿ ತೇಲಿ ಹಳೇ ರಾಜಧಾನಿ ಪಗಾನ್‌ಗೆ ಬಂತು, ಅದರಲ್ಲೇ ಅಣ್ಣತಂಗಿಯರ ಮೂರ್ತಿ ಕೆತ್ತಿ ಪೋಪಾ ಬೆಟ್ಟದ ಮೇಲೆ ಇಟ್ಟರು ಅಂತ ಕತೆ. ತಾನು ಸತ್ತ ಮರದಲ್ಲೇ ಮೂಡಿಬಂದವನು ಇವತ್ತಿಗೂ ಮನೆ ಕಾಯುತ್ತಾನೆ, ಅವನ ಹೆಸರಿನಲ್ಲಿ ಮನೆಯೊಳಗೆ ತೆಂಗಿನಕಾಯಿ ತೂಗುಹಾಕಿ ಕೆಂಪು ಬಟ್ಟೆ ಸುತ್ತುತ್ತಾರೆ. ಇಷ್ಟು ಗೊತ್ತಾದ ಮೇಲೆ ಸುಮ್ನೆ ‘ಕೆಟ್ಟದ್ದನ್ನು ಓಡಿಸುವ ಗೊಂಬೆ’ ಅಂತ ಬರೆಯಲು ಕೈ ಬರುತ್ತದಾ?

ಹಾಗಂತ ಕಂಡ ಗೊಂಬೆಗೆಲ್ಲ ನಾಟ್ ಅಂತ ಹೆಸರಿಡಬೇಡ. ಕೋರೆಹಲ್ಲು, ಉಬ್ಬುಗಣ್ಣು ಇದ್ದರೆ ಅದು ಬೀಲೂ, ನಮ್ಮ ರಾಕ್ಷಸನಂಥವನು. ಗುರುತು ಸಿಗದಿದ್ದರೆ ಕೈ ಹೇಗಿದೆ, ಮೊಣಕಾಲು ಊರಿದೆಯಾ, ತಲೆಯ ಮೇಲೇನಿದೆ, ಅದನ್ನೇ ಬರೆ. ಮರವನ್ನೂ ನೋಡು. ತೇಗ ವರ್ಷಗಟ್ಟಲೆ ಬಿಸಿಲು ಮಳೆಗೆ ಸಿಕ್ಕರೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಮೆದು ಭಾಗ ಸವೆದು ಗಟ್ಟಿ ಗೆರೆಗಳು ಎದ್ದು ನಿಲ್ಲುತ್ತವೆ. ನೀನು ಕಳಿಸಿದ ಫೋಟೊದಲ್ಲಿ ಎಡಗೆನ್ನೆಯ ಮೇಲೆ ಆ ಗೆರೆಗಳು ಚೆನ್ನಾಗಿ ಕಾಣುತ್ತವೆ, ಬಲಗೆನ್ನೆ ನಯವಾಗಿದೆ. ಯಾಕಿರಬಹುದು? ಅಲ್ಲಿಂದ ಶುರು ಮಾಡಬಹುದಿತ್ತು.

ಜಾತ್ರೆಯನ್ನೂ ಬಿಡಬೇಡ. ಪಗಾನ್‌ನ ಆನಂದ ಪಗೋಡ 1105ರದ್ದು. ಅದರ ಜಾತ್ರೆ ಪ್ಯಾಥೋ ತಿಂಗಳಲ್ಲಿ, ಅಂದರೆ ಡಿಸೆಂಬರ್-ಜನವರಿ ಹೊತ್ತಿಗೆ. ಸುತ್ತಲ ಹಳ್ಳಿಗಳಿಂದ ಸಾಲುಗಟ್ಟಿ ಗಾಡಿಗಳು ಬಂದು, ಜನ ದಿನಗಟ್ಟಲೆ ಅಲ್ಲೇ ಬಿಡಾರ ಹೂಡುತ್ತಿದ್ದರು. ಒಬ್ಬರ ಗಾಡಿಯ ಕೆತ್ತನೆ ಇನ್ನೊಬ್ಬರ ಕಣ್ಣಿಗೆ ಬೀಳುವುದು ಇಂಥ ಕಡೆ ತಾನೇ?

ಕೊನೆಯಲ್ಲಿ ನೀನು ‘ಎಲ್ಲ ನಶಿಸಿಹೋಯಿತು’ ಅಂತ ಮರುಗಿದ್ದೀಯ. ಆ ಪ್ಯಾರಾ ತೆಗೆದುಬಿಡು. ಅಲ್ಲಿನ ಕಾರುಗಳಿಗೆ ಈಗಲೂ ನಾಟ್‌ಗಳ ಹೆಸರಿನಲ್ಲಿ ಕೆಂಪು-ಬಿಳಿ ಬಟ್ಟೆ ಕಟ್ಟುತ್ತಾರೆ. ಅದರ ಬಗ್ಗೆ ಇನ್ನಷ್ಟು ಹುಡುಕಿ ಓದು, ಮುಂದಿನ ಕರಡಿನಲ್ಲಿ ಸೇರಿಸಿ ಕಳಿಸು. ಕಾಯುತ್ತಿರುತ್ತೇನೆ.